ಆರ್‌ನಲ್ಲಿ ಡೇಟಾಬೇಸ್ ಪ್ಯಾಕೇಜ್ ಕೂರ್ತಿಲ್ವಾ? ಸ್ವಲ್ಪ ಮೇಲಕ್ಕೆ ಸ್ಕ್ರೋಲ್ ಮಾಡಿ

ಮಿನಿ ಪ್ರಾಜೆಕ್ಟ್ ಡೆಮೋ ಮರುದಿನ ಬೆಳಿಗ್ಗೆ. ಟೇಬಲ್‌ಗಳೆಲ್ಲಾ ಮಾರಿಯಾಡಿಬಿಯಲ್ಲಿ ರೆಡಿ. ಇನ್ನು ಆರ್‌ನಲ್ಲಿ ನಾಲ್ಕು ಗ್ರಾಫ್ ತೆಗೆದ್ರೆ ಮುಗೀತು ಅಂದ್ಕೊಂಡು, ರಾತ್ರಿ ಹತ್ತೂವರೆಗೆ ನನ್ನ ಉಬುಂಟು ಲ್ಯಾಪ್‌ಟಾಪ್‌ನಲ್ಲಿ 'ಆರ್‌ಮಾರಿಯಾಡಿಬಿ' ಪ್ಯಾಕೇಜ್ ಇನ್‌ಸ್ಟಾಲ್‌ಗೆ ಹಾಕಿದೆ. ಸ್ಕ್ರೀನ್ ತುಂಬಾ ಸಾಲುಗಳು ಓಡಿ, ಕೊನೆಗೆ 'ನಾನ್-ಜೀರೋ ಎಕ್ಸಿಟ್ ಸ್ಟೇಟಸ್' ಅಂತ ಬಂತು. ಮತ್ತೆ ಹಾಕಿದೆ, ಅದೇ. ಆರ್ ಅನ್ನೇ ತೆಗೆದು ಹೊಸದಾಗಿ ಹಾಕಿದೆ, ಆಗಲೂ ಅದೇ. ಹನ್ನೆರಡು ಗಂಟೆ ಆಯ್ತು.

ತಪ್ಪು ನಂದೇ. ಆ ಕೊನೇ ಸಾಲು 'ಕೆಲಸ ಆಗಲಿಲ್ಲ' ಅಂತ ಮಾತ್ರ ಹೇಳುತ್ತೆ, ಯಾಕೆ ಅಂತ ಹೇಳಲ್ಲ. ಕಾರಣ ಅದಕ್ಕಿಂತ ಮೇಲೆ ಇರುತ್ತೆ. ನಾನು ಓದದೇ ಬಿಟ್ಟ ಸಾಲಲ್ಲಿ 'ಲಿಬ್‌ಮಾರಿಯಾಡಿಬಿ-ಡೆವ್ ಹಾಕಿ ನೋಡಿ' ಅಂತ ಸ್ಪಷ್ಟವಾಗಿ ಬರೆದಿತ್ತು!

ಇದು ಯಾಕೆ ಬೇಕು? ಆರ್‌ನಲ್ಲಿ 'ಡಿಬಿಐ' ಅನ್ನೋ ಪ್ಯಾಕೇಜ್ ಇದೆ. ಕನೆಕ್ಟ್ ಆಗೋದು, ಕ್ವೆರಿ ಕಳಿಸೋದು ಇವಕ್ಕೆಲ್ಲ ಒಂದೇ ರೀತಿಯ ಫಂಕ್ಷನ್‌ಗಳನ್ನು ಅದು ಕೊಡುತ್ತೆ. ಆದರೆ ಡೇಟಾಬೇಸ್ ಜೊತೆ ನಿಜವಾಗಿ ಮಾತಾಡೋದು ಸಿ ಭಾಷೆಯಲ್ಲಿ ಬರೆದ ಲೈಬ್ರರಿ. ವಿಂಡೋಸ್‌ನಲ್ಲಿ ಪ್ಯಾಕೇಜ್ ಕಂಪೈಲ್ ಆಗಿಯೇ ಬರುತ್ತೆ, ಹಾಗಾಗಿ ರೂಮ್‌ಮೇಟ್‌ಗೆ ಈ ತಲೆನೋವು ಬರಲಿಲ್ಲ. ಉಬುಂಟುನಲ್ಲಿ ಸಾಮಾನ್ಯವಾಗಿ ಬರೋದು ಸೋರ್ಸ್ ಕೋಡ್. ಅದನ್ನು ನಮ್ಮ ಮೆಷಿನ್ನೇ ಕಂಪೈಲ್ ಮಾಡ್ಬೇಕು, ಅದಕ್ಕೆ ಹೆಡರ್ ಫೈಲ್‌ಗಳು ಬೇಕು. ಉಬುಂಟು ಈ ಹೆಡರ್‌ಗಳನ್ನು ಹೆಸರಿನ ಕೊನೆಗೆ 'ಡೆವ್' ಅಂತ ಇರೋ ಬೇರೆ ಪ್ಯಾಕೇಜ್‌ನಲ್ಲಿ ಇಡುತ್ತೆ. ಸರ್ವರ್ ಚೆನ್ನಾಗಿ ಓಡ್ತಿದ್ರೂ ಹೆಡರ್ ಇಲ್ಲ ಅಂದ್ರೆ ಇನ್‌ಸ್ಟಾಲ್ ಆಗಲ್ಲ. ನನಗೆ ಹೊಳೆಯದೇ ಇದ್ದದ್ದು ಇದೇ.

'ಆರ್‌ಪೋಸ್ಟ್‌ಗ್ರೆಸ್'ಗೆ ಬೇಕಾದ್ದು 'ಲಿಬ್‌ಪಿಕ್ಯೂ-ಡೆವ್'. 'ಓಡಿಬಿಸಿ' ಪ್ಯಾಕೇಜ್‌ಗೆ 'ಯುನಿಕ್ಸ್‌ಓಡಿಬಿಸಿ-ಡೆವ್'. ಇವನ್ನು ಟರ್ಮಿನಲ್‌ನಲ್ಲಿ ಸುಡೋ ಆಪ್ಟ್ ಮೂಲಕ ಹಾಕಬೇಕು, ಆರ್ ಕನ್ಸೋಲ್‌ನಲ್ಲಿ ಅಲ್ಲ (ನಗಬೇಡಿ, ನಾನು ಅದನ್ನೂ ಮಾಡಿದ್ದೆ). ಓಡಿಬಿಸಿಯಲ್ಲಿ ಇನ್ನೊಂದು ಕೊಕ್ಕೆ ಇದೆ: ಪ್ಯಾಕೇಜ್ ಕೂತ್ರೂ ಆಯಾ ಡೇಟಾಬೇಸ್‌ನ ಡ್ರೈವರ್ ಬೇರೆಯಾಗಿ ಹಾಕ್ಬೇಕು. ಇಲ್ಲಾಂದ್ರೆ 'ಕಾಂಟ್ ಓಪನ್ ಲಿಬ್' ಅನ್ನುತ್ತೆ.

ವಿಂಡೋಸ್‌ನವರು ಪೂರ್ತಿ ಬಚಾವ್ ಅಂದ್ಕೋಬೇಡಿ. ಓಡಿಬಿಸಿ ಬಳಸುವಾಗ 'ಆರ್ಕಿಟೆಕ್ಚರ್ ಮಿಸ್‌ಮ್ಯಾಚ್' ಬಂದ್ರೆ ಆರ್ 64 ಬಿಟ್, ಡ್ರೈವರ್ 32 ಬಿಟ್ ಅಂತ ಅರ್ಥ. 2022ರ ಆರ್ 4.2ರಿಂದ ವಿಂಡೋಸ್‌ಗೆ 32 ಬಿಟ್ ಆರ್ ಬರೋದೇ ನಿಂತಿದೆ, ಆದ್ದರಿಂದ ಡ್ರೈವರನ್ನೇ ಬದಲಾಯಿಸಿ. ತಮಾಷೆ ಅಂದ್ರೆ, 64 ಬಿಟ್ ಸೆಟ್ಟಿಂಗ್ಸ್ ಇರೋದು 'ಸಿಸ್ಟಮ್32' ಫೋಲ್ಡರ್‌ನಲ್ಲಿ, 32 ಬಿಟ್‌ದು 'ಸಿಸ್‌ವಾವ್64'ನಲ್ಲಿ. ಹೆಸರಿಟ್ಟ ಪುಣ್ಯಾತ್ಮ ಯಾರೋ!

ಡೆವ್ ಪ್ಯಾಕೇಜ್ ಹಾಕಿದ ಮೇಲೆ ನಂದು ಐದೇ ನಿಮಿಷದಲ್ಲಿ ಕೂತ್ಕೊಂಡ್ತು. ಕನೆಕ್ಟ್ ಮಾಡಿದ್ರೆ 'ಆಕ್ಸೆಸ್ ಡಿನೈಡ್'! ಉಬುಂಟುನಲ್ಲಿ ಮಾರಿಯಾಡಿಬಿಯ ರೂಟ್ ಯೂಸರ್ ಸಾಮಾನ್ಯವಾಗಿ ಪಾಸ್‌ವರ್ಡ್ ಬದಲು ನೀವು ಯಾವ ಸಿಸ್ಟಮ್ ಯೂಸರ್ ಅಂತ ನೋಡುತ್ತೆ. ಪ್ರಾಜೆಕ್ಟ್‌ಗೆ ಅಂತಲೇ ಒಬ್ಬ ಯೂಸರ್‌ನ ಮಾಡಿ ಪರ್ಮಿಷನ್ ಕೊಟ್ಟೆ, ಆಯ್ತು. 'ಸಾಕೆಟ್ ಸಿಗಲಿಲ್ಲ' ಅಂತ ಬಂದು, ಸರ್ವರ್ ಡಾಕರ್ ಒಳಗಿದ್ರೆ, ಲೋಕಲ್‌ಹೋಸ್ಟ್ ಬದಲು 127.0.0.1 ಕೊಟ್ಟು ನೋಡಿ.

ಡೆಮೋಗೆ ಎರಡೇ ಗಂಟೆ ಇದೆ, ಯಾವುದೂ ಆಗ್ತಿಲ್ಲ ಅಂದ್ರೆ? 'ಆರ್‌ಎಸ್‌ಕ್ಯೂಲೈಟ್' ಹಾಕಿ. ಎಸ್‌ಕ್ಯೂಲೈಟ್ ಆ ಪ್ಯಾಕೇಜ್ ಒಳಗೇ ಇರುತ್ತೆ; ಸರ್ವರ್ ಬೇಡ, ಪಾಸ್‌ವರ್ಡ್ ಬೇಡ. ಟೇಬಲ್‌ಗಳನ್ನು ಸಿಎಸ್‌ವಿ ಮಾಡಿ ಅದಕ್ಕೆ ತುಂಬಿದ್ರೆ ಸಾಕು, ಡಿಬಿಐ ಕೋಡ್‌ನಲ್ಲಿ ಹೆಚ್ಚೇನೂ ಬದಲಾಗಲ್ಲ. ಡೇಟಾಬೇಸ್ ಯಾಕೆ ಬದಲಾಯಿಸಿದ್ರಿ ಅಂತ ಮೇಡಂ ಕೇಳಿದ್ರೆ ಉತ್ತರ ಮಾತ್ರ ನೀವೇ ರೆಡಿ ಇಟ್ಕೊಳ್ಳಿ.