ಸಿನಿಮಾ ಬಾಗಿಲಲ್ಲಿ ಉತ್ತರ ಕೊಡುವವರು ಯಾರು?

ಕೆಂಪೇಗೌಡ ರಸ್ತೆಯಲ್ಲಿ ಸಿನಿಮಾ ನೋಡಿ ಬೆಳೆದ ತಲೆಮಾರಿಗೆ ಟಿಕೆಟ್ ಎಂದರೆ ಕಬ್ಬಿಣದ ಕಂಬಿಗಳ ನಡುವಿನ ಸಾಲು, ಮುಷ್ಟಿ ಮಾತ್ರ ತೂರುವಷ್ಟು ಅಗಲದ ಕಿಂಡಿ, ಅದರಾಚೆ ಕುಳಿತ ಮುಖ ಕಾಣದ ವ್ಯಕ್ತಿ. ಗಾಂಧಿ ಕ್ಲಾಸಿನ ತೆಳು ಬಣ್ಣದ ಕಾಗದ ಬೆವೆತ ಅಂಗೈಯಲ್ಲಿ ಒದ್ದೆಯಾಗಿ ಹೋಗುತ್ತಿತ್ತು. ಕಿಂಡಿ ತೆರೆದ ಹತ್ತೇ ನಿಮಿಷಕ್ಕೆ ‘ಹೌಸ್‌ಫುಲ್’ ಫಲಕ ತೂಗುತ್ತಿತ್ತು. ಎದುರಿನ ಪಾದಚಾರಿ ಮಾರ್ಗದಲ್ಲಿ ಅದೇ ಟಿಕೆಟ್ ಎರಡು-ಮೂರು ಪಟ್ಟು ಬೆಲೆಗೆ ‘ಬ್ಲಾಕ್’ನಲ್ಲಿ ಸಿಗುತ್ತಿತ್ತು. ಹೆಂಗಸರಿಗೆ ಬೇರೆ ಸಾಲು ಇದ್ದರೂ ತಳ್ಳಾಟ ತಪ್ಪುತ್ತಿರಲಿಲ್ಲ. ಇದನ್ನೆಲ್ಲ ಕಂಡುಂಡವರು ಆ ಕಾಲವನ್ನು ಸುವರ್ಣಯುಗವೆಂದು ಕೊಂಡಾಡುವುದು ಕಷ್ಟ.

ಆದಕಾರಣ ಟಿಕೆಟ್ ಮನೆಬಾಗಿಲಿಗೆ ಬಂದಾಗ ಮಧ್ಯಮ ವರ್ಗ ಅದನ್ನು ತುಂಬುಮನಸ್ಸಿನಿಂದ ಸ್ವಾಗತಿಸಿತು. 2004ರಲ್ಲಿ ಕೋರಮಂಗಲದ ಫೋರಂ ಮಾಲ್‌ನಲ್ಲಿ ಮಲ್ಟಿಪ್ಲೆಕ್ಸ್ ಬಂತು. 2007ರಲ್ಲಿ ಬುಕ್‌ಮೈಶೋ ಎಂಬ ಹೆಸರು ಚಾಲ್ತಿಗೆ ಬಂತು. ಮೊದಮೊದಲು ಬುಕಿಂಗ್ ಸಂಖ್ಯೆಯನ್ನು ಕೌಂಟರ್‌ನಲ್ಲಿ ತೋರಿಸಿ ಕಾಗದದ ಟಿಕೆಟ್ ಪಡೆಯಬೇಕಿತ್ತು. ಈಗ ಆ ಕಾಗದವೂ ಇಲ್ಲ. ಮೊಬೈಲ್ ಪರದೆಯೇ ಟಿಕೆಟ್. ಇತ್ತ ಹಳೆಯ ಚಿತ್ರಮಂದಿರಗಳು ಒಂದೊಂದಾಗಿ ಮರೆಯಾಗುತ್ತಿವೆ. ಕಪಾಲಿ ಇಲ್ಲ. ಬ್ರಿಗೇಡ್ ರಸ್ತೆಯ ರೆಕ್ಸ್ 2018ರ ಕೊನೆಗೆ ಬಾಗಿಲು ಹಾಕಿತು. ಕಾವೇರಿ 2024ರಲ್ಲಿ ಪ್ರದರ್ಶನ ನಿಲ್ಲಿಸಿತು. ಅವುಗಳ ಜೊತೆಗೆ ಟಿಕೆಟ್ ಕೌಂಟರ್ ಎಂಬ ವ್ಯವಸ್ಥೆಯೂ ಸದ್ದಿಲ್ಲದೆ ಕರಗುತ್ತಿದೆ. ನನ್ನ ಆತಂಕ ಅದರ ಬಗ್ಗೆ.

ಹೊಸ ವ್ಯವಸ್ಥೆ ಕೆಲಸ ಮಾಡುವ ರೀತಿ ಸರಳವಾದದ್ದು. ನಾವು ಆಸನ ಆರಿಸಿದೊಡನೆ ಕೆಲವು ನಿಮಿಷಗಳ ಮಟ್ಟಿಗೆ ಅದು ಬೇರೆಯವರಿಗೆ ಸಿಗದಂತೆ ತಡೆಯಲಾಗುತ್ತದೆ. ಪಾವತಿ ಖಚಿತವಾದ ಮೇಲೆ ಬುಕಿಂಗ್ ಸಂಖ್ಯೆಯೂ ಕ್ಯುಆರ್ ಕೋಡೂ ಮೊಬೈಲ್‌ಗೆ ಬರುತ್ತವೆ. ಬಾಗಿಲಲ್ಲಿ ನಿಂತ ಸಿಬ್ಬಂದಿ ಆ ಕೋಡನ್ನು ಯಂತ್ರಕ್ಕೆ ಹಿಡಿದಾಗ ಯಂತ್ರ ಚಿತ್ರಮಂದಿರದ ದಾಖಲೆಯೊಡನೆ ತಾಳೆ ನೋಡಿ ‘ಬಳಕೆಯಾಗಿದೆ’ ಎಂದು ಗುರುತು ಹಾಕುತ್ತದೆ. ಹಿಂದೆ ಗೇಟ್ ಕೀಪರ್ ಟಿಕೆಟನ್ನು ಅರ್ಧಕ್ಕೆ ಹರಿಯುತ್ತಿದ್ದ ಕೆಲಸವೇ ಇದು. ವ್ಯತ್ಯಾಸ ಒಂದೇ: ಹರಿದ ಅರ್ಧ ನಮ್ಮ ಕೈಯಲ್ಲಿ ಉಳಿಯುತ್ತಿತ್ತು. ಈಗ ನಮ್ಮ ಕೈಯಲ್ಲಿ ಉಳಿಯುವುದು ಒಂದು ಚಿತ್ರ ಮಾತ್ರ. ಪುರಾವೆಯೆಲ್ಲ ಯಂತ್ರದ ಬಳಿ ಇರುತ್ತದೆ.

ಈ ವ್ಯತ್ಯಾಸ ಎಷ್ಟು ದೊಡ್ಡದೆಂಬುದು ನನಗೆ ಅರ್ಥವಾದದ್ದು ಕೆಲವು ತಿಂಗಳ ಹಿಂದೆ, ನಗರದ ಒಂದು ಮಲ್ಟಿಪ್ಲೆಕ್ಸ್‌ನಲ್ಲಿ. ನನ್ನ ಮುಂದೆ ವಯಸ್ಸಾದ ದಂಪತಿ ನಿಂತಿದ್ದರು. ಪುಣೆಯಲ್ಲಿರುವ ಮಗ ನಾಲ್ಕು ಟಿಕೆಟ್ ಕಾಯ್ದಿರಿಸಿ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದ. ನಾಲ್ಕಕ್ಕೂ ಸೇರಿ ಇದ್ದುದು ಒಂದೇ ಕೋಡ್. ಮಗಳು-ಅಳಿಯ ಮೊದಲೇ ಬಂದು ಅದನ್ನು ತೋರಿಸಿ ಒಳಗೆ ಹೋಗಿದ್ದರು. ಈಗ ಯಂತ್ರ ಕೆಂಪು ದೀಪ ಬೆಳಗಿ, ಈ ಟಿಕೆಟ್ ಆಗಲೇ ಬಳಕೆಯಾಗಿದೆ ಎಂದಿತು. ಬಾಗಿಲಲ್ಲಿದ್ದ ಹುಡುಗ ಮರ್ಯಾದೆಯಿಂದಲೇ ಹೇಳಿದ: ‘ನಮ್ಮ ಕೈಲಿ ಏನೂ ಇಲ್ಲ ಸಾರ್, ಆ್ಯಪ್‌ನವರನ್ನ ಕೇಳಿ.’ ಆ ಹಿರಿಯರು ಸುತ್ತ ನೋಡಿ ಕೇಳಿದರು: ‘ಆಗಲಪ್ಪಾ, ಕೇಳ್ತೀನಿ. ಅವರು ಎಲ್ಲಿ ಕೂತಿರ್ತಾರೆ?’

ಸಾಲಿನಲ್ಲಿದ್ದ ಕೆಲವರು ನಕ್ಕರು. ಮಗಳಿಗೆ ಫೋನ್ ಮಾಡೋಣವೆಂದರೆ ಒಳಗೆ ಸಿಗ್ನಲ್ ಇಲ್ಲ. ಹದಿನೈದು ನಿಮಿಷದ ಮೇಲೆ ಮ್ಯಾನೇಜರ್ ಬಂದು, ಮಗನ ಫೋನ್ ಸಂಖ್ಯೆ ಕೇಳಿ, ಒಳಗೆ ಎರಡು ಆಸನ ಖಾಲಿ ಇರುವುದನ್ನು ನೋಡಿ ಅವರನ್ನು ಬಿಟ್ಟರು. ಪರಿಹಾರ ಅಷ್ಟು ಸುಲಭವಾಗಿತ್ತು. ಆದರೆ ಅದನ್ನು ಕೊಡುವ ಅಧಿಕಾರ ಬಾಗಿಲಲ್ಲಿ ನಿಂತವನಿಗೆ ಇರಲಿಲ್ಲ. ಹಿರಿಯರ ಪ್ರಶ್ನೆ ನಗೆಯ ಮಾತಲ್ಲ. ಈ ಇಡೀ ವ್ಯವಸ್ಥೆಗೆ ಕೇಳಬೇಕಾದ ಪ್ರಶ್ನೆಯೇ ಅದು.

ಕಾನೂನು ಏನೂ ಹೇಳಿಲ್ಲವೆಂದಲ್ಲ. 2020ರ ಗ್ರಾಹಕ ಸಂರಕ್ಷಣಾ (ಇ-ಕಾಮರ್ಸ್) ನಿಯಮಗಳ ಪ್ರಕಾರ ಆನ್‌ಲೈನ್ ಮಾರಾಟ ಸಂಸ್ಥೆ ಕುಂದುಕೊರತೆ ಅಧಿಕಾರಿಯನ್ನು ನೇಮಿಸಬೇಕು. ದೂರು ತಲುಪಿದ್ದನ್ನು 48 ಗಂಟೆಗಳೊಳಗೆ ತಿಳಿಸಬೇಕು. ಒಂದು ತಿಂಗಳೊಳಗೆ ಪರಿಹರಿಸಬೇಕು. ಹಣ ಕಡಿತವಾಗಿಯೂ ಟಿಕೆಟ್ ಬರದಿದ್ದರೆ ರಿಸರ್ವ್ ಬ್ಯಾಂಕ್‌ನ 2019ರ ಸೆಪ್ಟೆಂಬರ್ ಸುತ್ತೋಲೆ ನೆರವಿಗಿದೆ: ಯುಪಿಐ ಪಾವತಿ ವ್ಯಾಪಾರಿಗೆ ಖಚಿತವಾಗದಿದ್ದರೆ ಐದು ದಿನಗಳೊಳಗೆ ಹಣ ತಾನಾಗಿಯೇ ಮರಳಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು. ಇವು ಒಳ್ಳೆಯ ನಿಯಮಗಳೇ, ಓದುಗರು ತಿಳಿದಿರಬೇಕಾದವು. ಆದರೆ ಸೀರೆಗೋ ಮಿಕ್ಸಿಗೋ ಒಂದು ತಿಂಗಳು ಕಾಯಬಹುದು. ಹತ್ತು ನಿಮಿಷದಲ್ಲಿ ಶುರುವಾಗುವ ಸಿನಿಮಾ ಕಾಯುವುದಿಲ್ಲ. ಬಾಗಿಲಲ್ಲಿ ಹುಟ್ಟಿದ ತೊಡಕಿಗೆ ಬಾಗಿಲಲ್ಲೇ ಉತ್ತರ ಸಿಗಬೇಕು.

ಇನ್ನು ‘ಅನುಕೂಲ ಶುಲ್ಕ’ದ ಮಾತು. ನನ್ನ ಫೋನಿನಲ್ಲಿ ಉಳಿದಿರುವ ಬಿಲ್‌ಗಳನ್ನು ನೋಡಿದರೆ ನಾಲ್ಕು ಟಿಕೆಟ್‌ಗೆ ಈ ಬಾಬ್ತು 150 ರೂಪಾಯಿ ದಾಟಿದ ದಿನಗಳಿವೆ. ಆಸನ ಹುಡುಕುವವರು ನಾವು, ವಿವರ ತುಂಬುವವರು ನಾವು. ಹಿಂದೆ ಗುಮಾಸ್ತರು ಮಾಡುತ್ತಿದ್ದ ಕೆಲಸವನ್ನು ನಾವೇ ಮಾಡಿ, ಮಾಡಿದ್ದಕ್ಕೆ ಹಣವನ್ನೂ ಕೊಡುತ್ತೇವೆ. ಸಂಸ್ಥೆಗಳಿಗೂ ಖರ್ಚಿದೆ ಎಂಬುದನ್ನು ಒಪ್ಪೋಣ. ಸಾವಿರಾರು ಜನ ಒಮ್ಮೆಗೇ ಮುಗಿಬಿದ್ದಾಗಲೂ ಕುಸಿಯದ ವ್ಯವಸ್ಥೆ ಬಿಟ್ಟಿ ಸಿಗುವುದಿಲ್ಲ. ಆದರೆ ಪಾವತಿಯ ವೆಚ್ಚದ ನೆಪ ಮೊದಲಿನಷ್ಟು ಗಟ್ಟಿಯಾಗಿಲ್ಲ: ಯುಪಿಐ ಮತ್ತು ರುಪೇ ಡೆಬಿಟ್ ಕಾರ್ಡ್ ವಹಿವಾಟಿಗೆ ಬ್ಯಾಂಕುಗಳು ವ್ಯಾಪಾರಿಗಳಿಂದ ಪಡೆಯುತ್ತಿದ್ದ ಶುಲ್ಕವನ್ನು ಕೇಂದ್ರ ಸರ್ಕಾರ 2020ರ ಜನವರಿ 1ರಿಂದ ಶೂನ್ಯಕ್ಕಿಳಿಸಿತು. 2025ರ ಸೆಪ್ಟೆಂಬರ್ 22ರಿಂದ 100 ರೂಪಾಯಿವರೆಗಿನ ಸಿನಿಮಾ ಟಿಕೆಟ್‌ನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿಯಿತು. ಆದರೆ ಅನುಕೂಲ ಶುಲ್ಕದ ಮೇಲೆ ಬೀಳುವುದು ಶೇ 18 ತೆರಿಗೆ. ಟಿಕೆಟ್ ಅಗ್ಗವಾದಷ್ಟೂ ಈ ಹೊರೆಯ ಪಾಲು ದೊಡ್ಡದು.

ಈ ಶುಲ್ಕ ಸರಿಯೇ ಎಂಬ ಪ್ರಶ್ನೆ ನ್ಯಾಯಾಲಯದವರೆಗೂ ಹೋಗಿದೆ. ಆನ್‌ಲೈನ್ ಟಿಕೆಟ್‌ಗೆ ಸೇವಾಶುಲ್ಕ ಪಡೆಯಬಾರದೆಂದು ಮಹಾರಾಷ್ಟ್ರ ಸರ್ಕಾರ 2013 ಮತ್ತು 2014ರಲ್ಲಿ ಹೊರಡಿಸಿದ್ದ ಆದೇಶಗಳನ್ನು ಬಾಂಬೆ ಹೈಕೋರ್ಟ್ 2025ರ ಜುಲೈನಲ್ಲಿ ರದ್ದುಪಡಿಸಿತು. ವ್ಯಾಪಾರ ಮಾಡುವ ಮೂಲಭೂತ ಹಕ್ಕಿಗೆ ಅವು ಅಡ್ಡಿ ಎಂಬುದು ತೀರ್ಪಿನ ಸಾರ. ಅದರೊಳಗಿನ ತರ್ಕ ಗಮನಾರ್ಹ: ಚಿತ್ರಮಂದಿರಕ್ಕೆ ಹೋಗಿ ಟಿಕೆಟ್ ಕೊಳ್ಳಬೇಕೋ, ಮನೆಯಲ್ಲೇ ಕುಳಿತು ಶುಲ್ಕ ತೆತ್ತು ಕೊಳ್ಳಬೇಕೋ ಎಂಬ ಆಯ್ಕೆ ಗ್ರಾಹಕನದು. ಆಯ್ಕೆ ಇರುವುದರಿಂದಲೇ ಶುಲ್ಕ ನ್ಯಾಯ. ಹಾಗಾದರೆ ಕೌಂಟರ್ ಮುಚ್ಚಿದ ದಿನ ಆ ನ್ಯಾಯ ಎಲ್ಲಿ ನಿಲ್ಲುತ್ತದೆ?

ಈ ಪ್ರಶ್ನೆ ಕಲ್ಪನೆಯದಲ್ಲ. ಪ್ರದರ್ಶನಕ್ಕೆ ಅರ್ಧ ಗಂಟೆ ಇರುವಾಗ ಮಾತ್ರ ತೆರೆಯುವ ಕೌಂಟರ್‌ಗಳನ್ನು ನಾನು ಕಂಡಿದ್ದೇನೆ. ಕೌಂಟರ್ ಇದ್ದ ಜಾಗದಲ್ಲಿ ಯಂತ್ರ ನಿಲ್ಲಿಸಿ, ‘ಆನ್‌ಲೈನ್‌ನಲ್ಲೇ ಮಾಡಿ ಸಾರ್’ ಎನ್ನುವುದನ್ನೂ ಕೇಳಿದ್ದೇನೆ. ದೊಡ್ಡ ನಟರ ಚಿತ್ರ ಬಿಡುಗಡೆಯಾಗುವ ದಿನವಂತೂ ಒಳ್ಳೆಯ ಆಸನಗಳೆಲ್ಲ ಹಿಂದಿನ ರಾತ್ರಿಯೇ ಮೊಬೈಲ್‌ಗಳಲ್ಲಿ ಹಂಚಿಹೋಗಿರುತ್ತವೆ. ಪೀಣ್ಯದ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ನೇರವಾಗಿ ಚಿತ್ರಮಂದಿರಕ್ಕೆ ಬಂದವನಿಗೆ, ಚಿಕ್ಕ ಕೀಪ್ಯಾಡ್ ಫೋನ್ ಇಟ್ಟುಕೊಂಡ ಮನೆಗೆಲಸದ ಹೆಂಗಸಿಗೆ, ಕೈಯಲ್ಲಿ ನಗದು ಮಾತ್ರ ಇರುವವರಿಗೆ ಉಳಿಯುವುದು ಪರದೆಗೆ ಅಂಟಿದ ಮೊದಲ ಸಾಲು. ಕನ್ನಡ ಚಿತ್ರರಂಗವನ್ನು ದಶಕಗಳ ಕಾಲ ಸಾಕಿದ್ದು ಈ ಜನವೇ. ಅವರನ್ನು ಬಾಗಿಲಾಚೆ ನಿಲ್ಲಿಸಿ, ಚಿತ್ರಮಂದಿರಕ್ಕೆ ಜನ ಬರುತ್ತಿಲ್ಲವೆಂದು ಕೊರಗುವುದರಲ್ಲಿ ಅರ್ಥವಿಲ್ಲ.

ರಾಜ್ಯದಲ್ಲಿ ಸಿನಿಮಾ ಟಿಕೆಟ್ ಕುರಿತ ಚರ್ಚೆ ಹೆಚ್ಚಾಗಿ ದರದ ಸುತ್ತಲೇ ಸುತ್ತಿದೆ. 2025ರ ಸೆಪ್ಟೆಂಬರ್‌ನಲ್ಲಿ ಸರ್ಕಾರ 200 ರೂಪಾಯಿಯ ಮಿತಿ ಹೇರಿತು. ಅದೇ ತಿಂಗಳು ಹೈಕೋರ್ಟ್ ಮಧ್ಯಂತರ ತಡೆ ನೀಡಿತು. ದರ ಮುಖ್ಯವೇ. ಆದರೆ 200 ರೂಪಾಯಿಯ ಟಿಕೆಟನ್ನು ಎಲ್ಲರೂ ಕೊಳ್ಳಲು ಸಾಧ್ಯವಾಗುವ ದಾರಿ ಇರಬೇಕಲ್ಲ? ದರಕ್ಕೆ ನಿಯಮ ಬರೆಯುವ ಸರ್ಕಾರ ಕೌಂಟರಿನ ಬಗ್ಗೆಯೂ ನಾಲ್ಕು ಸಾಲು ಬರೆಯಬಹುದು.

ಆಗಬೇಕಾದದ್ದು ದೊಡ್ಡದೇನಲ್ಲ. ಆನ್‌ಲೈನ್ ಮಾರಾಟ ತೆರೆದಾಗಲೇ ಕೌಂಟರಿಗೂ ಆಸನಗಳ ಒಂದು ಪಾಲನ್ನು ಎಲ್ಲ ದರ್ಜೆಗಳಲ್ಲಿ ಮೀಸಲಿಡಲಿ. ಒಂದೇ ಬುಕಿಂಗ್‌ನಲ್ಲಿ ನಾಲ್ಕು ಜನರಿದ್ದರೆ ನಾಲ್ಕು ಕೋಡ್ ಕೊಡಲಿ. ಫೋನ್ ಸತ್ತುಹೋದವರನ್ನು ಬುಕಿಂಗ್ ಸಂಖ್ಯೆ ಅಥವಾ ಫೋನ್ ಸಂಖ್ಯೆ ನೋಡಿ ಒಳಗೆ ಬಿಡಲಿ. ರದ್ದತಿ, ಹಣ ವಾಪಸಾತಿಯ ಷರತ್ತುಗಳನ್ನು ಪಾವತಿಗೆ ಮೊದಲೇ ತಿಳಿಗನ್ನಡದಲ್ಲಿ ತೋರಿಸಲಿ. ಎಲ್ಲಕ್ಕಿಂತ ಮಿಗಿಲಾಗಿ, ಪ್ರತಿ ಪ್ರದರ್ಶನದ ವೇಳೆ ಬಾಗಿಲ ಬಳಿ ತೀರ್ಮಾನ ಕೈಗೊಳ್ಳಬಲ್ಲ ಒಬ್ಬ ಸಿಬ್ಬಂದಿ ಇರಲಿ. ನಾವು ತೆರುವ ಅನುಕೂಲ ಶುಲ್ಕದಲ್ಲಿ ಆ ಒಬ್ಬರ ಸಂಬಳ ಹುಟ್ಟದೇ ಹೋಗಲಾರದು.

ಕಂಬಿಗಳ ನಡುವಿನ ಆ ಸಾಲು ಮತ್ತೆ ಬರಲೆಂದು ಯಾರೂ ಕೇಳುತ್ತಿಲ್ಲ. ಬ್ಲಾಕ್ ಟಿಕೆಟ್ ನೆನೆದು ಕಣ್ಣೀರು ಹಾಕುವವರೂ ಇಲ್ಲ. ಆದರೆ ಆ ಕಿಂಡಿಯಾಚೆ ಒಬ್ಬ ಮನುಷ್ಯನಿದ್ದ. ಚಿಲ್ಲರೆಗೆ ಜಗಳವಾಡಲು, ‘ನಾಳೆ ಮ್ಯಾಟಿನಿಗೆ ಬನ್ನಿ’ ಎಂದು ಹೇಳಿಸಿಕೊಳ್ಳಲು ಅಲ್ಲೊಬ್ಬರು ಸಿಗುತ್ತಿದ್ದರು. ಹಣ ಪಡೆದವರು ಮಾತಿಗೂ ಸಿಗಬೇಕು ಎಂಬುದು ಸಂತೆಯ ಸೊಪ್ಪಿನ ವ್ಯಾಪಾರಕ್ಕೂ ಅನ್ವಯಿಸುವ ಹಳೆಯ ನಿಯಮ. ಚಿತ್ರಮಂದಿರಗಳೂ ಟಿಕೆಟ್ ಮಾರುವ ಸಂಸ್ಥೆಗಳೂ ಅದನ್ನು ಪಾಲಿಸಲಿ ಎಂದು ಕೇಳುವುದು ಅತಿಯಾಸೆಯಲ್ಲ.