ತುಕ್ಕು ಹಿಡಿದ ರಥದ ಜೀರ್ಣೋದ್ಧಾರ

ಜೀರ್ಣೋದ್ಧಾರವೆಂಬ ಶಬ್ದ ಕಿವಿಗೆ ಬಿದ್ದೊಡನೆ ನಮ್ಮ ವಾಚಕರ ಕಣ್ಣೆದುರು ನಿಲ್ಲುವುದು ಶಿಥಿಲವಾದ ಗುಡಿ, ಬಿರುಕುಬಿಟ್ಟ ಮಠದ ಗೋಡೆ, ಇಲ್ಲವೆ ಹೂಳು ತುಂಬಿದ ಕಲ್ಯಾಣಿ. ಈ ಶಬ್ದವನ್ನು ಮೋಟಾರುಗಾಡಿಗೂ ಅನ್ವಯಿಸಿ, ಅದಕ್ಕಾಗಿ ತಮ್ಮ ದುಡಿಮೆಯ ಹಣವನ್ನೂ ರಜಾದಿನಗಳನ್ನೂ ಸುರಿಯುವ ಜನ ಇಂಗ್ಲೆಂಡಿನಲ್ಲಿ ಸಾವಿರಗಟ್ಟಲೆ ಇದ್ದಾರೆ. ಧರ್ಮಸ್ಥಳಕ್ಕೆ ಹೋದವರು ಅಲ್ಲಿಯ ವಾಹನ ಸಂಗ್ರಹಾಲಯದಲ್ಲಿ ಹಳೆಯ ಕಾರುಗಳನ್ನು ಕಂಡು ಬೆರಗಾಗಿರಬಹುದು. ನಾವು ಹೇಳಹೊರಟಿರುವುದು ಅಂಥ ರಾಜವೈಭವದ ಗಾಡಿಗಳ ಮಾತಲ್ಲ. ಇಬ್ಬರಷ್ಟೇ ಕೂಡಬಲ್ಲ, ನೆಲಕ್ಕೆ ಹತ್ತಿದಂತೆ ತಗ್ಗಾಗಿರುವ, ಮೇಲ್ಹೊದಿಕೆಯನ್ನು ಮಡಚಿಡಬಹುದಾದ, ಅನುಕೂಲಕ್ಕಿಂತ ಓಟದ ಆನಂದಕ್ಕಾಗಿಯೇ ನಿರ್ಮಿತವಾದ ‘ಸ್ಪೋರ್ಟ್ಸ್ ಕಾರು’ಗಳ ಮಾತು.

ಶಾಸ್ತ್ರಾಧ್ಯಯನದಲ್ಲಿ ಕೂದಲು ನರೆಸಿಕೊಂಡ ನಮಗೆ ಈ ವಿಷಯದ ಪರಿಚಯವಾದದ್ದು ನಮ್ಮ ತಂಗಿಯ ಮಗನಿಂದ. ಆತ ಇಂಗ್ಲೆಂಡಿನಲ್ಲಿ ವೈದ್ಯ. ಅಲ್ಲಿ ಕೆಲವು ದಿನ ಆತನ ಮನೆಯಲ್ಲಿದ್ದಾಗ, ಅರ್ಧ ಬಿಚ್ಚಿದ ಒಂದು ಎಂಜಿಬಿ ಕಾರು ಗ್ಯಾರೇಜಿನಲ್ಲಿ ಮರದ ದಿಮ್ಮಿಗಳ ಮೇಲೆ ನಿಂತಿತ್ತು. ಎರಡು ಚಳಿಗಾಲದಲ್ಲಿ ಮುಗಿಯುವುದೆಂದು ಕೊಂಡ ಗಾಡಿಯದು; ಆಗ ಐದನೆಯ ಚಳಿಗಾಲ ನಡೆದಿತ್ತು. ಆತನ ಹೆಂಡತಿ ನಗುತ್ತಲೇ ನಮಗೆ ದೂರು ಕೊಟ್ಟಳು: “ಮಾಮಾರ, ಈ ಮನ್ಯಾಗ ನನಗ ಸವತಿ ಒಬ್ಬಾಕಿ ಅದಾಳರಿ. ಗ್ಯಾರೇಜಿನ್ಯಾಗ ಇರ್ತಾಳ. ಆಕಿ ಔಷಧದ ಖರ್ಚು ನಮ್ಮ ಮೂರೂ ಮಂದಿ ಊಟದ ಖರ್ಚಿಗಿಂತ ಹೆಚ್ಚು.” ನಗೆಯ ಮಾತಾದರೂ ಅದರೊಳಗಿನ ಬೇಸರವನ್ನು ನಾವು ಗಮನಿಸದೆ ಇರಲಿಲ್ಲ.

ಎಂಜಿ ಎಂದರೆ ಮೋರಿಸ್ ಗ್ಯಾರೇಜಸ್. ಆಕ್ಸ್‌ಫರ್ಡ್ ನಗರದಲ್ಲಿ ವಿಲಿಯಂ ಮೋರಿಸ್ ಎಂಬ ಉದ್ಯಮಿ ಇಟ್ಟುಕೊಂಡಿದ್ದ ಗಾಡಿಗಳ ಅಂಗಡಿಯ ಹೆಸರದು. ಎಂಜಿ ಕಾರುಗಳ ಕಾರ್ಖಾನೆ ಮುಂದೆ ಸಮೀಪದ ಅಬಿಂಗ್‌ಡನ್ ಎಂಬ ಊರಿನಲ್ಲಿ ನೆಲೆಗೊಂಡಿತು. ಎಂಜಿಬಿ ಅಲ್ಲಿಂದ ಹೊರಬಂದದ್ದು 1962ರಲ್ಲಿ. ತಯಾರಿಕೆ ನಿಂತದ್ದು, ಕಾರ್ಖಾನೆಯೇ ಮುಚ್ಚಿದ್ದು 1980ರಲ್ಲಿ. ಅಷ್ಟರೊಳಗೆ ಐದು ಲಕ್ಷಕ್ಕೂ ಮಿಕ್ಕಿದ ಗಾಡಿಗಳು ತಯಾರಾಗಿದ್ದವು, ಅವುಗಳಲ್ಲಿ ಬಹುಪಾಲು ಅಮೆರಿಕೆಗೆ ಹೋಗಿದ್ದವು. ಇದು ಶ್ರೀಮಂತರ ಗಾಡಿಯಾಗಿರಲಿಲ್ಲ. ಮಧ್ಯಮವರ್ಗದ ತರುಣರು ಸಾಲಮಾಡಿ ಕೊಂಡ ಗಾಡಿ. ಇಂದಿಗೂ ಮನೆಯ ಗ್ಯಾರೇಜಿನಲ್ಲಿ ಸ್ವಂತ ಕೈಯಿಂದ ಜೀರ್ಣೋದ್ಧಾರ ಮಾಡುವವರು ಇದನ್ನೇ ಹೆಚ್ಚಾಗಿ ಆರಿಸುತ್ತಾರೆ. ಬಿಡಿಭಾಗಗಳು ದೊರೆಯುತ್ತವೆ, ಯಂತ್ರ ಸರಳ, ಕೈಪಿಡಿಗಳು ಧಾರಾಳ. ಹೀಗಿದ್ದೂ ಐದು ಚಳಿಗಾಲಗಳು ಏಕೆ ಬೇಕಾದವು?

ಕಾರಣ ಗಾಡಿಯ ರಚನೆಯಲ್ಲಿದೆ. ಹಿಂದಿನ ಕಾಲದ ಕಾರುಗಳಲ್ಲಿ ಕೆಳಗೆ ಗಟ್ಟಿಯಾದ ಉಕ್ಕಿನ ಚೌಕಟ್ಟು, ಮೇಲೆ ಕವಚದಂತೆ ಒಡಲು ಇರುತ್ತಿದ್ದವು. ಎಂಜಿಬಿಯಲ್ಲಿ ಚೌಕಟ್ಟೇ ಇಲ್ಲ. ತೆಳುವಾದ ಉಕ್ಕಿನ ತಗಡುಗಳನ್ನು ಮಡಿಸಿ, ಬೆಸೆದು, ಒಡಲನ್ನೇ ಎಲುಬಿನ ಗೂಡನ್ನಾಗಿ ಮಾಡಿದ್ದಾರೆ. ಮೇಲೆ ಛಾವಣಿಯೂ ಇಲ್ಲದ ಗಾಡಿಯಾದ್ದರಿಂದ ಭಾರವನ್ನೆಲ್ಲ ಹೊರುವುದು ಬಾಗಿಲುಗಳ ಕೆಳಗೆ ಉದ್ದಕ್ಕೆ ಸಾಗುವ ಪೆಟ್ಟಿಗೆಯಾಕಾರದ ಎರಡು ಭಾಗಗಳು. ಅವುಗಳಿಗೆ ಅವರ ಭಾಷೆಯಲ್ಲಿ ‘ಸಿಲ್’ ಎಂದರೆ ಹೊಸ್ತಿಲು ಎಂದೇ ಹೆಸರು. ಆ ಹೊಸ್ತಿಲು ಗಟ್ಟಿಯಿದ್ದರೆ ಗಾಡಿಯೂ ಗಟ್ಟಿ.

ಆದರೆ ಇಂಗ್ಲೆಂಡಿನ ಚಳಿಗಾಲದಲ್ಲಿ ರಸ್ತೆಯ ಹಿಮ ಕರಗಲೆಂದು ಉಪ್ಪು ಹರಡುತ್ತಾರೆ. ಮುಂದಿನ ಗಾಲಿ ಸಿಡಿಸುವ ಉಪ್ಪುಗೆಸರು ಗಾಲಿಯ ಮೇಲಿನ ಸಂದುಗಳಲ್ಲಿ ಕೂತು, ಒಣಗದೆ, ಮೆಲ್ಲನೆ ಕೆಳಗಿಳಿದು ಹೊಸ್ತಿಲಿನ ಒಳಪದರಗಳನ್ನು ತಿನ್ನುತ್ತದೆ. ತುಕ್ಕು ಒಳಗಿನಿಂದ ಹೊರಗೆ ಬರುತ್ತದೆ. ಬಣ್ಣದ ಮೇಲೆ ಸಾಸಿವೆಯಷ್ಟು ಗುಳ್ಳೆ ಕಾಣುವ ಹೊತ್ತಿಗೆ ಒಳಗೆ ಉಕ್ಕೇ ಇರುವುದಿಲ್ಲ. ಇದನ್ನು ಬಲ್ಲ ಮಾರಾಟಗಾರರು ತೂತಿಗೆ ಪುಟ್ಟಿ ಮೆತ್ತಿ, ಉಜ್ಜಿ, ಹೊಳೆಯುವ ಕೆಂಪು ಬಣ್ಣ ಬಳಿದು ಸಾಗಹಾಕುತ್ತಾರೆ. ನಮ್ಮ ಅಳಿಯನಿಗಾದದ್ದೂ ಅದೇ. ಚೂಪಾದ ಸ್ಕ್ರೂಡ್ರೈವರಿನಿಂದ ಆತ ಒತ್ತಿ ತೋರಿಸಿದಾಗ ಅದು ಹಲಸಿನ ಹಣ್ಣಿಗೆ ಚುಚ್ಚಿದಂತೆ ಒಳಗಿಳಿಯಿತು. “ಮಾಮಾ, ಇದು ಬರೇ ತುಕ್ಕಲ್ಲ. ಬಣ್ಣದ ಕೆಳಗ ಯಾರೋ ಬೇಕಂತ ಮುಚ್ಚಿಟ್ಟ ಮೋಸ” ಎಂದ.

ಹೊಸ್ತಿಲನ್ನು ಕತ್ತರಿಸಿ ಹೊಸದನ್ನು ಬೆಸೆಯುವ ಕೆಲಸವೇ ಈ ತಪಸ್ಸಿನ ಕಠಿಣ ಭಾಗ. ಕತ್ತರಿಸುವ ಮುನ್ನ ಒಡಲಿಗೆ ಕೆಳಗಿನಿಂದ ಸಮನಾಗಿ ಆಸರೆ ಕೊಡಬೇಕು. ಬಾಗಿಲಿನ ತೆರವಿಗೆ ಅಡ್ಡಲಾಗಿ ಉಕ್ಕಿನ ಸರಳುಗಳನ್ನು ತಾತ್ಕಾಲಿಕವಾಗಿ ಬೆಸೆಯಬೇಕು. ಹಾಗೆ ಮಾಡದಿದ್ದರೆ ಆಧಾರ ತಪ್ಪಿದ ಒಡಲು ನಡುವಿನಲ್ಲಿ ಕುಸಿಯುತ್ತದೆ, ಆ ಕುಸಿತದಲ್ಲಿಯೇ ಹೊಸ ಹೊಸ್ತಿಲು ಬೆಸೆದುಹೋಗುತ್ತದೆ. ಬಣ್ಣವೆಲ್ಲ ಮುಗಿದ ಮೇಲೆ ಬಾಗಿಲು ಮುಚ್ಚಲು ಹೋದರೆ ಮುಚ್ಚುವುದಿಲ್ಲ! ಹಲವರು ಸೋತು ಕೈಬಿಡುವುದು ಈ ಹಂತದಲ್ಲಿಯೇ. ಅರ್ಧ ಬಿಚ್ಚಿದ ಗಾಡಿ, ಪೆಟ್ಟಿಗೆಗಳಲ್ಲಿ ಚೀಟಿ ಅಂಟಿಸದ ನಟ್ಟು ಬೋಲ್ಟುಗಳು, ಇವನ್ನೆಲ್ಲ ಕೊಂಡ ಬೆಲೆಗಿಂತ ಕಡಿಮೆಗೆ ಮಾರಿದ ಕಥೆಗಳು ಅಲ್ಲಿ ಮನೆಮನೆಯಲ್ಲಿ ಕೇಳಬರುತ್ತವೆ.

ಉಳಿದ ಕಿರಿಕಿರಿಗಳನ್ನು ಬೇಗ ಹೇಳಿಬಿಡುತ್ತೇವೆ. ನಲವತ್ತು ಐವತ್ತು ವರ್ಷ ಬಿಗಿದು ಕೂತ ಬೋಲ್ಟು ಪಾನಾ ಹಾಕಿ ತಿರುಗಿಸಿದರೆ ಸಡಿಲಾಗದೆ ತಲೆ ಮುರಿದುಕೊಳ್ಳುತ್ತದೆ; ಐದು ನಿಮಿಷದ ಕೆಲಸ ಐದು ದಿನದ್ದಾಗುತ್ತದೆ. ಬಂಪರಿಗೆ ಕ್ರೋಮ್ ಲೇಪ ಮಾಡಿಸಲು ತಿಂಗಳುಗಟ್ಟಲೆ ಕಾಯಬೇಕು. ವಿದ್ಯುತ್ ಸಲಕರಣೆಗಳನ್ನು ತಯಾರಿಸುತ್ತಿದ್ದ ಲೂಕಾಸ್ ಕಂಪನಿಯ ಮೂಲಪುರುಷನಿಗೆ ಅಲ್ಲಿಯ ಹಳೆಗಾಡಿಯ ಜನ ‘ಅಂಧಕಾರದ ರಾಜಕುಮಾರ’ ಎಂಬ ಬಿರುದನ್ನೇ ಕೊಟ್ಟಿದ್ದಾರೆ, ದೀಪಗಳು ನಡುರಾತ್ರಿ ಆರುತ್ತವೆಂದು. 1967ಕ್ಕಿಂತ ಮುಂಚಿನ ಎಂಜಿಬಿಗಳಲ್ಲಿ ಬ್ಯಾಟರಿಯ ಧನಧ್ರುವವನ್ನೇ ಗಾಡಿಯ ಒಡಲಿಗೆ ಜೋಡಿಸಿರುತ್ತಾರೆ. ಇಂದಿನ ಪದ್ಧತಿಗೆ ಇದು ತಲೆಕೆಳಗು. ಇದನ್ನರಿಯದೆ ಹೊಸ ರೇಡಿಯೋ ಜೋಡಿಸಿದವನಿಗೆ ಹಾಡಿನ ಬದಲು ಹೊಗೆಯೇ ದೊರಕೀತು. ಇಂಧನದ ತೊಡಕು ಇನ್ನೊಂದು. ಬ್ರಿಟನ್ನಿನಲ್ಲಿ ಸೀಸ ಬೆರೆಸಿದ ಪೆಟ್ರೋಲಿನ ಸಾಮಾನ್ಯ ಮಾರಾಟ 1999ರ ಕೊನೆಗೆ ನಿಂತಿತು. ಹಳೆಯ ಎಂಜಿನ್ನಿನ ಕವಾಟಗಳ ಪೀಠಕ್ಕೆ ಆ ಸೀಸವೇ ರಕ್ಷೆಯಾಗಿತ್ತು. ಈಗ ಗಟ್ಟಿಯಾದ ಪೀಠಗಳನ್ನು ಕೂಡಿಸಬೇಕು, ಇಲ್ಲವೆ ಪೆಟ್ರೋಲಿಗೆ ಪ್ರತಿಸಲವೂ ಬೇರೊಂದು ದ್ರವ ಬೆರೆಸಬೇಕು. 2021ರಿಂದ ಅಲ್ಲಿಯ ಸಾಧಾರಣ ಪೆಟ್ರೋಲಿನಲ್ಲಿ ಶೇಕಡಾ 10ರವರೆಗೆ ಎಥನಾಲ್ ಇರುವುದರಿಂದ ಹಳೆಯ ರಬ್ಬರಿನ ಕೊಳವೆಗಳು ಹಾಳಾಗುತ್ತವೆ.

ಇಷ್ಟೆಲ್ಲ ಮಾಡಿದ ಮೇಲೆ ಗಾಡಿ ಮಾರಿದರೆ ಹಾಕಿದ ಹಣವಾದರೂ ಬಂದೀತೇ? ಎಂಜಿಬಿಯಂಥ ಗಾಡಿಯ ಮಟ್ಟಿಗೆ ಸಾಮಾನ್ಯವಾಗಿ ಬಾರದು. ಆದ್ದರಿಂದ ಇದನ್ನು ಹೂಡಿಕೆಯೆಂದು ಹೆಂಡತಿಯ ಮುಂದೆ ವಾದಿಸುವವನು ಸತ್ಯ ನುಡಿಯುತ್ತಿಲ್ಲವೆಂದೇ ನಮ್ಮ ಅಭಿಪ್ರಾಯ.

ಫಲ ಬೇರೆಡೆ ಇದೆ. ಈ ಗಾಡಿಗೆ ಎರಡು ಎಸ್‌ಯು ಕಾರ್ಬೊರೇಟರುಗಳಿವೆ. ಸ್ಕಿನ್ನರ್ ಸೋದರರ ಹೆಸರಿನಿಂದ ಬಂದ ಈ ಉಪಕರಣದ ಒಳಗೆ ಒಂದು ಕೊಂತವೂ ಅದಕ್ಕೆ ಅಂಟಿದ ಮೊನಚು ಸೂಜಿಯೂ ಇರುತ್ತವೆ; ಎಂಜಿನ್ ಎಳೆಯುವ ಗಾಳಿಗೆ ತಕ್ಕಂತೆ ಅವು ತಾವಾಗಿ ಮೇಲೇರಿ ಇಳಿದು ಪೆಟ್ರೋಲನ್ನು ಅಳೆದು ಕೊಡುತ್ತವೆ. ಎರಡೂ ಸಮನಾಗಿ ಉಸಿರಾಡಬೇಕು. ಅದನ್ನು ಪರೀಕ್ಷಿಸಲು ನಮ್ಮ ಅಳಿಯ ರಬ್ಬರ್ ಕೊಳವೆಯ ಒಂದು ತುದಿಯನ್ನು ಕಾರ್ಬೊರೇಟರಿನ ಬಾಯಿಗೂ ಇನ್ನೊಂದನ್ನು ತನ್ನ ಕಿವಿಗೂ ಹಿಡಿದು, ಇದರ ‘ಹಿಸ್’ ಸದ್ದನ್ನೂ ಅದರ ಸದ್ದನ್ನೂ ಹೋಲಿಸಿ ನೋಡುತ್ತಿದ್ದ. ಆಸ್ಪತ್ರೆಯಲ್ಲಿ ರೋಗಿಯ ಎದೆಗೆ ಕಿವಿಗೊಡುವವನು ಮನೆಯಲ್ಲಿ ಯಂತ್ರದ ಉಸಿರನ್ನು ಆಲಿಸುತ್ತಿದ್ದ ಆ ಏಕಾಗ್ರತೆಯನ್ನು ಕಂಡು ನಮಗೆ ಗೌರವವೇ ಉಂಟಾಯಿತು. ಇಂದಿನ ಗಾಡಿಗಳಲ್ಲಿ ಈ ಕೆಲಸವನ್ನೆಲ್ಲ ಗಣಕಯಂತ್ರ ಮಾಡುತ್ತದೆ. ಮುಚ್ಚಳ ತೆಗೆದರೆ ಕೈಯಾಡಿಸಲು ಎಡೆಯೇ ಇಲ್ಲ. ಒಂದು ವಸ್ತುವನ್ನು ಕೊನೆಯ ಬೋಲ್ಟಿನವರೆಗೆ ಬಲ್ಲೆನೆಂಬ ಸಂತೋಷ ಈ ಕಾಲದಲ್ಲಿ ಎಷ್ಟು ಜನರಿಗಿದೆ?

ಇನ್ನು ಮುಖ್ಯವಾದ ಪ್ರಶ್ನೆ. ಅಬಿಂಗ್‌ಡನ್ ಕಾರ್ಖಾನೆ ಮುಚ್ಚಿ ಎಂಟು ವರ್ಷದ ಮೇಲೆ, 1988ರಲ್ಲಿ, ಬ್ರಿಟಿಷ್ ಮೋಟಾರ್ ಹೆರಿಟೇಜ್ ಎಂಬ ಸಂಸ್ಥೆ ಹಳೆಯ ಅಚ್ಚುಗಳನ್ನು ಹುಡುಕಿ ಕಲೆಹಾಕಿ ಎಂಜಿಬಿಯ ಸಂಪೂರ್ಣ ಒಡಲನ್ನು ಹೊಸದಾಗಿ ತಯಾರಿಸತೊಡಗಿತು. ತುಕ್ಕಿಲ್ಲದ ಹೊಸ ಒಡಲು ಕೊಂಡು, ಹಳೆಯ ಗಾಡಿಯ ಎಂಜಿನ್, ಗಾಲಿ, ಪೀಠೋಪಕರಣಗಳನ್ನು ಅದಕ್ಕೆ ವರ್ಗಾಯಿಸಿದರೆ ಬೆಸುಗೆಯ ಕಷ್ಟವೆಲ್ಲ ತಪ್ಪಿತು. ಬ್ರಿಟನ್ನಿನ ವಾಹನ ನೋಂದಣಿ ಇಲಾಖೆ ಬಹುಕಾಲ ಅನುಸರಿಸಿಕೊಂಡು ಬಂದ ಅಂಕಪದ್ಧತಿಯಲ್ಲಿ, ಮೂಲದ್ದೋ ಅದೇ ಮಾದರಿಯ ಹೊಚ್ಚಹೊಸದೋ ಆದ ಒಡಲಿಗೆ 5 ಅಂಕ, ಎಂಜಿನ್ನಿಗೆ ಬರಿಯ 1 ಅಂಕ. ಒಟ್ಟು 8 ಅಂಕ ಬಂದರೆ ಹಳೆಯ ನೋಂದಣಿ ಸಂಖ್ಯೆ ಉಳಿಯುತ್ತಿತ್ತು. ಕಾನೂನಿನ ಲೆಕ್ಕ ಸರಿಯಾಯಿತು. ಆದರೆ ಒಡಲೇ ಹೊಸದಾದ ಮೇಲೆ ಅದು ಹಳೆಯ ಗಾಡಿಯೇ?

ವಾಚಕರಲ್ಲಿ ‘ಮಿಲಿಂದಪಞ್ಹ’ವನ್ನು ಬಲ್ಲವರಿಗೆ ಈ ಪ್ರಶ್ನೆ ಹೊಸದಲ್ಲ. ಅಲ್ಲಿ ನಾಗಸೇನ ಭಿಕ್ಷುವು ರಥವೆಂದರೆ ಅಚ್ಚೋ, ಗಾಲಿಯೋ, ನೊಗವೋ ಎಂದು ಯವನರಾಜ ಮಿಲಿಂದನನ್ನು ಕೇಳುತ್ತಾನೆ; ಯಾವ ಒಂದೂ ರಥವಲ್ಲವೆಂದು ರಾಜ ಒಪ್ಪಬೇಕಾಗುತ್ತದೆ. ಎರಡು ಸಾವಿರ ವರ್ಷದ ಈ ಜಿಜ್ಞಾಸೆ 1990ರಲ್ಲಿ ಲಂಡನ್ನಿನ ಹೈಕೋರ್ಟಿನ ಕಟ್ಟೆಯೇರಿತೆಂದರೆ ಆಶ್ಚರ್ಯವಾಗಬಹುದು. ‘ಓಲ್ಡ್ ನಂಬರ್ ಒನ್’ ಎಂಬ ಬೆಂಟ್ಲಿ ಕಾರು ಫ್ರಾನ್ಸಿನ ಲೆ ಮಾನ್ ಪಂದ್ಯವನ್ನು 1929 ಮತ್ತು 1930ರಲ್ಲಿ ಗೆದ್ದಿತ್ತು. 1932ರಲ್ಲಿ ಬ್ರೂಕ್‌ಲ್ಯಾಂಡ್ಸ್ ಪಥದಲ್ಲಿ ಅಪಘಾತಕ್ಕೀಡಾಗಿ ಅದರ ಚಾಲಕ ಮಡಿದ. ಮುರಿದ ಗಾಡಿಯನ್ನು ಮತ್ತೆ ಕಟ್ಟಿದರು, ಬೇರೆ ಒಡಲು ತೊಡಿಸಿದರು, ಭಾಗಗಳು ಬದಲಾಗುತ್ತ ಹೋದವು. ಕೊನೆಗೆ ಅದನ್ನು ಒಂದು ಕೋಟಿ ಪೌಂಡಿಗೆ ಕೊಳ್ಳಲು ಒಪ್ಪಿದವರು, ಇದು ಆ ಗಾಡಿಯೇ ಅಲ್ಲವೆಂದು ಹಿಂದೆ ಸರಿದರು. 1929ರ ಲೋಹ ಅದರಲ್ಲಿ ಹೆಚ್ಚೇನೂ ಉಳಿದಿರಲಿಲ್ಲ, ನಿಜ. ಆದರೆ ಅದರ ಇತಿಹಾಸ ಎಲ್ಲಿಯೂ ಕಡಿದುಹೋಗಿಲ್ಲ, ಒಂದೇ ಗಾಡಿ ಬದಲಾಗುತ್ತ ಬದುಕಿಬಂದಿದೆ, ಆ ಹೆಸರಿಗೆ ಹಕ್ಕುಳ್ಳ ಬೇರೆ ಗಾಡಿಯೂ ಇಲ್ಲ ಎಂದು ನ್ಯಾಯಮೂರ್ತಿ ಆಟನ್ ಮಾರಿದವರ ಪರವಾಗಿ ತೀರ್ಪಿತ್ತರು.

ಇದಕ್ಕೆ ಎದುರಾದ ಪಕ್ಷವೂ ಇಂದು ಬಲವಾಗಿದೆ. ಹೊಳಪಿಗಿಂತ ಸವೆತವೇ ಸತ್ಯ, ಮಾಸಿದ ಮೂಲ ಬಣ್ಣವನ್ನು ಕೆರೆದು ಹೊಸದು ಬಳಿಯುವುದು ಇತಿಹಾಸವನ್ನು ಅಳಿಸಿದಂತೆ ಎನ್ನುವವರು ಅವರು. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವು ಸ್ವೀಕರಿಸಿರುವ ಟ್ಯೂರಿನ್ ಸನ್ನದು, ಸ್ಮಾರಕ ಕಟ್ಟಡಗಳ ಬಗೆಗಿನ 1964ರ ವೆನಿಸ್ ಸನ್ನದನ್ನೇ ಮಾದರಿಯಾಗಿಟ್ಟುಕೊಂಡು, ನವೀಕರಣಕ್ಕಿಂತ ಸಂರಕ್ಷಣೆ ಮೇಲು, ಬದಲಾಯಿಸಿದ್ದನ್ನು ದಾಖಲಿಸಬೇಕು ಎನ್ನುತ್ತದೆ. ಓಲೆಗರಿಗಳ ಪಾಠಪರಿಷ್ಕರಣ ಮಾಡಿದ ನಮಗೆ ಈ ಮಾತು ಹೃದ್ಯವಾಯಿತು. ಹುಳು ತಿಂದ ಎಡೆಯಲ್ಲಿ ಸಂಪಾದಕನು ಅಕ್ಷರ ಊಹಿಸಿ ತುಂಬಬಹುದು; ಆದರೆ ಕಂಸ ಹಾಕದೆ ತುಂಬಿದರೆ ಅದು ಪಾಂಡಿತ್ಯವಲ್ಲ, ವಂಚನೆ. ಬದಲಾಯಿಸುವುದರಲ್ಲಿ ದೋಷವಿಲ್ಲ, ಬಚ್ಚಿಡುವುದರಲ್ಲಿದೆ ಎಂದೇ ನಾವು ಅಳಿಯನಿಗೂ ಹೇಳಿದೆವು.

ಆತನ ಮುಂದೆ ಆಗ ಎರಡು ದಾರಿಗಳಿದ್ದವು. ಹೊಸ ಒಡಲು ಕೊಂಡರೆ ಒಂದು ವರ್ಷದಲ್ಲಿ ಗಾಡಿ ರಸ್ತೆಗಿಳಿಯುತ್ತಿತ್ತು. ಖರ್ಚಿಗೆ ಮಗಳ ಓದಿಗೆಂದು ಇಟ್ಟ ಹಣಕ್ಕೆ ಕೈಹಾಕಬೇಕಾಗುತ್ತಿತ್ತು. ಹಳೆಯದನ್ನೇ ಬೆಸೆದರೆ ಹಣ ಕಡಿಮೆ, ಕಾಲಕ್ಕೆ ಮಿತಿಯಿಲ್ಲ. ಗಂಡಹೆಂಡಿರು ಕೂತು ಲೆಕ್ಕ ಹಾಕಿದರು. ಮಗಳ ಹಣ ಮುಟ್ಟಕೂಡದು, ವಾರದಲ್ಲಿ ಶನಿವಾರವೊಂದೇ ಗ್ಯಾರೇಜಿಗೆ, ಭಾನುವಾರ ಮನೆಗೆ ಎಂದು ಆಕೆಯೇ ನಿಯಮ ಹಾಕಿದಳು. ಆತ ಒಪ್ಪಿದ. ಹಳೆಯ ಒಡಲೇ ಉಳಿಯಿತು. ಕತ್ತರಿಸಿದ ತುಂಡುಗಳ ಛಾಯಾಚಿತ್ರ ತೆಗೆದು, ಯಾವ ಭಾಗ ಯಾವಾಗ ಬದಲಾಯಿತೆಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದಾನೆ. ಬರವಣಿಗೆ ಮಗಳದು, ಅಪ್ಪನ ಅಕ್ಷರ ಯಾರಿಗೂ ತಿಳಿಯುವುದಿಲ್ಲವೆಂದು.

ಮೊನ್ನೆ ದೂರವಾಣಿಯಲ್ಲಿ ವಿಚಾರಿಸಿದಾಗ ಬಲಬದಿಯ ಹೊಸ್ತಿಲು ಕೂತಿದೆ, ಬಾಗಿಲು ಒಂದೇ ತಳ್ಳಿಗೆ ಮುಚ್ಚುತ್ತದೆ ಎಂದ. ಎಡಬದಿಯಲ್ಲಿ ಬಾಗಿಲ ಸಂದು ಮೇಲ್ಗಡೆ ಒಂದು ಭತ್ತದ ಕಾಳಿನಷ್ಟು ಹೆಚ್ಚು ಬಂದಿದೆಯಂತೆ. ಬೆಸುಗೆಯನ್ನು ಮತ್ತೆ ಬಿಚ್ಚಬೇಕು.