ಸುತ್ತ ನಿಂತವರು

ಒಂಬತ್ತನೇ ತರಗತಿಯ ಹುಡುಗನೊಬ್ಬ ಪಾಠ ಓದಲು ಎದ್ದು ನಿಲ್ಲುತ್ತಾನೆ. 'ಪ' ಬಂದಲ್ಲಿ ನಾಲಿಗೆ ತಡವರಿಸುತ್ತದೆ. ಹಿಂದಿನ ಬೆಂಚಿನಿಂದ ಯಾರೋ 'ಪ... ಪ... ಪ...' ಎನ್ನುತ್ತಾರೆ. ತರಗತಿಯಿಡೀ ನಗುತ್ತದೆ. ಮೇಷ್ಟ್ರು 'ಸಾಕು, ಸುಮ್ಮನಿರ್ರೋ' ಎಂದು ಮುಂದಿನವನಿಗೆ ಓದಲು ಹೇಳುತ್ತಾರೆ. ಮೇಷ್ಟ್ರ ಪಾಲಿಗೆ ಅದು ಅಲ್ಲಿಗೆ ಮುಗಿಯಿತು. ಹುಡುಗನ ಪಾಲಿಗೆ ಊಟದ ಬಿಡುವಿನಲ್ಲಿ, ಬಸ್ಸಿನಲ್ಲಿ, ರಾತ್ರಿ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮುಂದುವರಿಯಿತು. ಕೇಳಿದರೆ ಉತ್ತರ ಸಿದ್ಧವಾಗಿರುತ್ತದೆ: 'ತಮಾಷೆಗೆ ಸಾರ್.'

ಅಲ್ಲಿದ್ದವರನ್ನು ಎಣಿಸೋಣ. ಅಣಕಿಸಿದವನೊಬ್ಬ, ಅಣಕಕ್ಕೆ ಸಿಕ್ಕವನೊಬ್ಬ, ಮೇಷ್ಟ್ರು ಒಬ್ಬರು. ಇವರನ್ನು ಬಿಟ್ಟರೆ ಇನ್ನೂ ನಲವತ್ತು ಮಕ್ಕಳಿದ್ದರು. ನಾವು ಮಾತಾಡುವುದೆಲ್ಲ ಮೊದಲಿಬ್ಬರ ಬಗ್ಗೆಯೇ. ಅವನಿಗೆ ಬುದ್ಧಿ ಕಲಿಸಬೇಕು, ಇವನಿಗೆ ಧೈರ್ಯ ತುಂಬಬೇಕು ಎನ್ನುತ್ತೇವೆ. ಈ ಅಧ್ಯಾಯ ಆ ನಲವತ್ತು ಮಂದಿಯ ಬಗ್ಗೆ.

'ಗೋಳು ಹೊಯ್ದುಕೊಳ್ಳುವುದು' ಎಂಬ ನಮ್ಮ ಮಾತು ಈ ಪೀಡನೆಗೆ ಸರಿಯಾಗಿ ಹೊಂದುತ್ತದೆ. ಇದು ಜಗಳವಲ್ಲ. ಜಗಳದಲ್ಲಿ ಇಬ್ಬರೂ ಸರಿಸಮ, ಇಂದು ಹೊಡೆದಾಡಿದವರು ನಾಳೆ ಒಂದೇ ಡಬ್ಬಿಯಲ್ಲಿ ಊಟ ಹಂಚಿಕೊಳ್ಳಬಹುದು. ಪೀಡನೆಯಲ್ಲಿ ನೋಯಿಸುವ ಉದ್ದೇಶವಿರುತ್ತದೆ, ಅದು ಮತ್ತೆ ಮತ್ತೆ ನಡೆಯುತ್ತದೆ, ಒಬ್ಬರ ಕೈ ಮೇಲಾಗಿ ಇನ್ನೊಬ್ಬರು ಎದುರಾಡಲಾರದಂತೆ ಇರುತ್ತಾರೆ. ಆ ಮೇಲುಗೈ ಮೈಬಲದಿಂದಲೇ ಬರಬೇಕಿಲ್ಲ. ಜಾತಿ, ದುಡ್ಡು, ಮೈಬಣ್ಣ, ಸರಾಗವಾದ ಇಂಗ್ಲಿಷು, 'ಹುಡುಗ ಅಂದರೆ ಹೀಗಿರಬೇಕು' ಎನ್ನುವ ಗತ್ತು, ಯಾವುದಾದರೂ ಸಾಕು.

ಈ ಮೂರು ಲಕ್ಷಣಗಳನ್ನು ಗುರುತಿಸಿದವರು ನಾರ್ವೆಯ ಬರ್ಗೆನ್ ನಗರದಲ್ಲಿ ಕೆಲಸ ಮಾಡುತ್ತಿದ್ದ ಮನಶ್ಶಾಸ್ತ್ರಜ್ಞ ಡಾನ್ ಓಲ್ವೇಯಸ್. 1970ರ ದಶಕದಿಂದಲೇ ಅವರು ಇದರ ಬಗ್ಗೆ ಬರೆಯುತ್ತಿದ್ದರು. ಸರ್ಕಾರ ಎಚ್ಚೆತ್ತದ್ದು ಮಾತ್ರ 1982ರ ಕೊನೆಯಲ್ಲಿ. ಉತ್ತರ ನಾರ್ವೆಯಲ್ಲಿ 10ರಿಂದ 14 ವರ್ಷದ ಮೂವರು ಹುಡುಗರು ಆತ್ಮಹತ್ಯೆಯಿಂದ ತೀರಿಕೊಂಡ ಸುದ್ದಿ ಪತ್ರಿಕೆಗಳಲ್ಲಿ ಬಂತು. ಜೊತೆಯ ಮಕ್ಕಳ ತೀವ್ರ ಪೀಡನೆಯೇ ಇದರ ಹಿಂದೆ ಇತ್ತೆಂದು ಎಲ್ಲರಿಗೂ ಅನ್ನಿಸಿತ್ತು. ಮರುವರ್ಷವೇ, 1983ರಲ್ಲಿ, ಶಿಕ್ಷಣ ಇಲಾಖೆ ದೇಶದಾದ್ಯಂತ ಅಭಿಯಾನ ಆರಂಭಿಸಿತು. ಓಲ್ವೇಯಸ್ ಬರ್ಗೆನ್ನಿನ 42 ಶಾಲೆಗಳ ಸುಮಾರು 2,500 ಮಕ್ಕಳನ್ನು ಎರಡೂವರೆ ವರ್ಷ ಗಮನಿಸಿದರು. ಆ ಶಾಲೆಗಳಲ್ಲಿ ಮಾಡಿದ ಕೆಲಸ ನೋಡಿದರೆ ಇಷ್ಟೇನಾ ಅನ್ನಿಸಬಹುದು. ಬಿಡುವಿನ ಹೊತ್ತಿನಲ್ಲಿ ಆಟದ ಬಯಲಲ್ಲಿ, ಮೂಲೆಗಳಲ್ಲಿ ದೊಡ್ಡವರು ಕಣ್ಣಿಟ್ಟು ಓಡಾಡಿದರು. ತರಗತಿಯವರೆಲ್ಲ ಕೂತು ಕೆಲವು ಕಟ್ಟುಪಾಡು ಮಾಡಿಕೊಂಡರು, ಆಗಾಗ ಸಭೆ ಸೇರಿ ಮಾತಾಡಿದರು. ಪೀಡಿಸಿದ ಮಗುವಿನೊಂದಿಗೂ ಅದರ ಅಪ್ಪ ಅಮ್ಮನೊಂದಿಗೂ ನೇರವಾಗಿ ಮಾತಾಡಲಾಯಿತು. ಪೀಡನೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು.

ಇಲ್ಲಿ ಒಂದು ಎಚ್ಚರ ಬೇಕು. ಪೀಡನೆಗೆ ಒಳಗಾದ ಮಕ್ಕಳಲ್ಲಿ ಬಹುಪಾಲು ಮಕ್ಕಳು ಪ್ರಾಣ ಕಳೆದುಕೊಳ್ಳುವ ಯೋಚನೆಗೆ ಹೋಗುವುದಿಲ್ಲ. ಆತ್ಮಹತ್ಯೆಯ ಹಿಂದೆ ಒಂದೇ ಕಾರಣ ಇರುವುದೂ ಅಪರೂಪ. ಖಿನ್ನತೆ, ಮನೆಯ ಕಲಹ, ಪರೀಕ್ಷೆಯ ಭಯ, ಸಾಲ, ಅವಮಾನ ಎಲ್ಲ ಹೆಣೆದುಕೊಂಡಿರುತ್ತವೆ. ಆದರೆ ಆ ಹೆಣಿಗೆಯನ್ನು ಬಿಗಿಯುವ ಶಕ್ತಿ ಪೀಡನೆಗಿದೆ. 'ನಾನು ಯಾರಿಗೂ ಬೇಡ', 'ನನ್ನಿಂದ ಎಲ್ಲರಿಗೂ ತೊಂದರೆ' ಎಂಬ ಎರಡು ಭಾವನೆಗಳು ಒಟ್ಟಿಗೆ ಬಲಿತಾಗ ಅಪಾಯ ಹೆಚ್ಚು ಎನ್ನುತ್ತಾರೆ ಮನೋವಿಜ್ಞಾನಿಗಳು. ಪೀಡನೆ ಈ ಎರಡನ್ನೂ ದಿನವೂ ಬಾಯಿಪಾಠ ಮಾಡಿಸುತ್ತದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರಲ್ಲಿ ಭಾರತದಲ್ಲಿ ಆತ್ಮಹತ್ಯೆಯಿಂದ ಸತ್ತ ವಿದ್ಯಾರ್ಥಿಗಳು 13,044. ಅವರಲ್ಲಿ ಎಷ್ಟು ಮಂದಿ ಯಾರಿಗೂ ಹೇಳದೆ ಅಣಕ ನುಂಗಿಕೊಂಡಿದ್ದರು ಎಂಬುದಕ್ಕೆ ಯಾವ ಕೋಷ್ಟಕದಲ್ಲೂ ಕಂಬಸಾಲಿಲ್ಲ.

ಮತ್ತೆ ಆ ನಲವತ್ತು ಮಂದಿಯ ಕಡೆಗೆ ಬರೋಣ. ಫಿನ್ಲೆಂಡಿನ ಟುರ್ಕು ವಿಶ್ವವಿದ್ಯಾಲಯದ ಕ್ರಿಸ್ಟಿನಾ ಸಾಲ್ಮಿವಾಲ್ಲಿ 1996ರಲ್ಲಿ ತರಗತಿಯ ಮಕ್ಕಳನ್ನು ಅವರು ಆಡುವ ಪಾತ್ರಗಳ ಪ್ರಕಾರ ವಿಂಗಡಿಸಿದರು. ಪೀಡಿಸುವವನು, ಅವನಿಗೆ ಕೈಜೋಡಿಸುವವರು, ನಕ್ಕು ಹುರಿದುಂಬಿಸುವವರು, ಕಂಡೂ ಕಾಣದಂತೆ ಹೊರಗುಳಿಯುವವರು, ಪರ ನಿಲ್ಲುವವರು, ಪೀಡನೆಗೆ ಒಳಗಾದವರು. ಪೀಡಿಸುವವನಿಗೆ ಬೇಕಾದದ್ದು ಎದುರಿಗಿರುವವನ ನೋವಿಗಿಂತ ಸುತ್ತಲಿನವರ ಮೆಚ್ಚುಗೆ, ತರಗತಿಯಲ್ಲಿ ತನ್ನ ಸ್ಥಾನ. ನಗು ನಿಂತರೆ ಆಟಕ್ಕೆ ಕಳೆ ಇರುವುದಿಲ್ಲ. ಈ ತಿಳಿವಳಿಕೆಯ ಮೇಲೆ ಕಟ್ಟಿದ 'ಕಿವಾ' ಕಾರ್ಯಕ್ರಮ 2009ರಿಂದ ಫಿನ್ಲೆಂಡಿನ ಬಹುಪಾಲು ಶಾಲೆಗಳಿಗೆ ಹಬ್ಬಿತು. ಅದರಲ್ಲಿ ನನಗೆ ಬಹಳ ಹಿಡಿಸಿದ ಕ್ರಮವೊಂದಿದೆ. ಯಾರದಾದರೂ ಪೀಡನೆ ಬೆಳಕಿಗೆ ಬಂದಾಗ ತರಗತಿಯಲ್ಲಿ ಎಲ್ಲರೂ ಗೌರವಿಸುವ, ಒಳ್ಳೆಯ ಮನಸ್ಸಿನ ಎರಡರಿಂದ ನಾಲ್ಕು ಮಕ್ಕಳನ್ನು ಶಿಕ್ಷಕರು ಬೇರೆಯಾಗಿ ಕರೆದು, ನೊಂದ ಮಗುವಿನ ಜೊತೆಗಿರಿ ಎಂದು ಕೇಳಿಕೊಳ್ಳುತ್ತಾರೆ. ಊಟಕ್ಕೆ ಕರೆಯುವುದು, ಆಟಕ್ಕೆ ಸೇರಿಸಿಕೊಳ್ಳುವುದು, ಇಂಥವೇ. ಕಾರ್ಯಕ್ರಮದ ಪರಿಣಾಮ ಚಿಕ್ಕ ತರಗತಿಗಳಲ್ಲಿ ಹೆಚ್ಚು, ಹದಿಹರೆಯದವರಲ್ಲಿ ಕಡಿಮೆ ಎಂಬುದೂ ನಿಜ. ಬೇಗ ಶುರುಮಾಡಬೇಕು ಎನ್ನುವುದಕ್ಕೆ ಅದೇ ಕಾರಣ.

ನಮ್ಮಲ್ಲಿ ನಡೆಯುವುದೇ ಬೇರೆ. ದೂರು ಬಂದರೆ ಇಬ್ಬರನ್ನೂ ಸ್ಟಾಫ್ ರೂಮಿಗೆ ಕರೆಸಿ, 'ಇಬ್ಬರೂ ಕೈಕುಲುಕಿ, ಇನ್ನು ಫ್ರೆಂಡ್ಸ್ ಆಗಿರಿ' ಎಂದು ಕಳಿಸುತ್ತಾರೆ. ಸರಿಸಮರ ಜಗಳಕ್ಕೆ ಈ ರಾಜಿ ಸರಿ. ಒಬ್ಬನ ಕೈ ಮೇಲಿರುವ ಕಡೆ ರಾಜಿ ಎಂದರೆ, ತಪ್ಪಿನಲ್ಲಿ ನಿನ್ನದೂ ಪಾಲಿದೆ ಎಂದು ನೊಂದ ಮಗುವಿಗೆ ಹೇಳಿದಂತೆ. ಬಾಗಿಲಾಚೆ ಹೋಗುತ್ತಲೇ 'ಚಾಡಿ ಹೇಳಿದೆಯಾ' ಎಂಬ ಹೊಸ ಕಾಟ ಆರಂಭವಾಗುತ್ತದೆ. ಆ ಮಗು ಮುಂದೆಂದೂ ದೂರು ಹೇಳುವುದಿಲ್ಲ.

ನಾರ್ವೆ, ಫಿನ್ಲೆಂಡಿನ ಕಾರ್ಯಕ್ರಮಗಳೆಲ್ಲ ದುಡ್ಡಿದ್ದ ದೇಶಗಳ ಮಾತು ಎನ್ನುವವರು ಬಿಹಾರದ ನಳಂದಾ ಜಿಲ್ಲೆಯನ್ನು ನೋಡಬೇಕು. ಅಲ್ಲಿನ 74 ಸರ್ಕಾರಿ ಪ್ರೌಢಶಾಲೆಗಳಲ್ಲಿ ಗೋವಾದ 'ಸಂಗಾತ್' ಸಂಸ್ಥೆಯ ಜೊತೆಗೂಡಿ ನಡೆದ 'ಸೆಹರ್' ಪ್ರಯೋಗದ ಫಲಿತಾಂಶ 2018ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಕೆಲವು ಶಾಲೆಗಳಲ್ಲಿ ತರಬೇತಿ ಪಡೆದ ಸ್ಥಳೀಯ ಆಪ್ತಸಮಾಲೋಚಕರು, ಕೆಲವು ಶಾಲೆಗಳಲ್ಲಿ ಅಲ್ಲಿನ ಶಿಕ್ಷಕರೇ, ಒಂದೇ ಕಾರ್ಯಕ್ರಮವನ್ನು ನಡೆಸಿದರು. ಆ ಸಮಾಲೋಚಕರು ಮನೋವೈದ್ಯರಲ್ಲ. ಮಕ್ಕಳು ಚೀಟಿ ಹಾಕುವ ಪೆಟ್ಟಿಗೆ, ಗೋಡೆಪತ್ರಿಕೆ, ಶಾಲೆಯ ಸಭೆ, ಬೇಕಾದವರಿಗೆ ಒಬ್ಬೊಬ್ಬರೊಂದಿಗೆ ಮಾತು, ಇಷ್ಟರಲ್ಲೇ ಅವರ ಕೆಲಸ. ಸಮಾಲೋಚಕರಿದ್ದ ಶಾಲೆಗಳಲ್ಲಿ ಪೀಡನೆಯೂ ಖಿನ್ನತೆಯ ಲಕ್ಷಣಗಳೂ ಗಣನೀಯವಾಗಿ ಇಳಿದವು. ಶಿಕ್ಷಕರು ನಡೆಸಿದ ಕಡೆ ಅಂಥ ಬದಲಾವಣೆ ಕಾಣಲಿಲ್ಲ. ಶಿಕ್ಷಕರನ್ನು ದೂರಲು ಇದನ್ನು ಹೇಳುತ್ತಿಲ್ಲ. ಪಾಠ, ಬಿಸಿಯೂಟ, ಗಣತಿ, ಚುನಾವಣೆ ಎಲ್ಲ ಹೊತ್ತವರ ತಲೆಗೆ ಇದನ್ನೂ ಹೇರಿದರೆ ಆಗದು. ಅಂಕ ಕೊಡುವವರ ಮುಂದೆ ಮಗು ಮನಸ್ಸು ಬಿಚ್ಚುವುದೂ ಕಷ್ಟ. ಯುರೋಪಿನ ಹತ್ತು ದೇಶಗಳ 168 ಶಾಲೆಗಳಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನವೂ ಹತ್ತಿರದ ಮಾತನ್ನೇ ಹೇಳಿತು. ಶಿಕ್ಷಕರಿಗೆ ಮಾತ್ರ ತರಬೇತಿ ಕೊಟ್ಟದ್ದು ಹೆಚ್ಚು ಫಲ ಕೊಡಲಿಲ್ಲ. ಮಕ್ಕಳನ್ನೇ ಕೂರಿಸಿ, ಪಾತ್ರಾಭಿನಯ ಮಾಡಿಸಿ, ತಮ್ಮ ಮತ್ತು ಗೆಳೆಯರ ಸಂಕಟವನ್ನು ಗುರುತಿಸಲು ಕಲಿಸಿದ ಕಡೆ ಆತ್ಮಹತ್ಯೆಯ ಪ್ರಯತ್ನಗಳು ಒಂದು ವರ್ಷದಲ್ಲಿ ಸುಮಾರು ಅರ್ಧದಷ್ಟು ಕಡಿಮೆಯಾದವು.

ಮಗುವಿನ ಸಂಕಟ ಗೆಳೆಯನಿಗೆ ಮೊದಲು ಗೊತ್ತಾಗುವುದು ಸಹಜ. ಅಪ್ಪ ಅಮ್ಮನಿಗೆ ತಡವಾಗಿ ಗೊತ್ತಾಗುತ್ತದೆ, ಆದರೂ ಸುಳಿವು ಮನೆಯಲ್ಲೇ ಬಿದ್ದಿರುತ್ತದೆ. ಸೋಮವಾರದ ಹೊಟ್ಟೆನೋವು, ತಿನ್ನದೆ ಹಿಂದೆ ಬಂದ ಡಬ್ಬಿ, ಹರಿದ ಪುಸ್ತಕ, ಸುತ್ತುಬಳಸಿನ ದಾರಿ, ಫೋನು ಸದ್ದು ಮಾಡಿದಾಗ ಮುಖದ ಮೇಲೆ ಹಾದುಹೋಗುವ ಗಾಬರಿ. ಆಗ ನಾವು ಹೇಳುವುದು 'ಅದನ್ನೆಲ್ಲ ಮನಸ್ಸಿಗೆ ಹಚ್ಕೋಬೇಡ' ಅಥವಾ 'ನೀನೂ ನಾಲ್ಕು ಬಾರಿಸಿ ಬಾ'. ಎರಡೂ ಮಾತನ್ನು ಮುಗಿಸುವ ಮಾತುಗಳೇ. 'ನಿನ್ನ ತಪ್ಪಿಲ್ಲ. ಇದನ್ನು ಒಬ್ಬನೇ ಹೊರಬೇಕಾಗಿಲ್ಲ. ಏನೇನಾಯ್ತು ಹೇಳು' ಎನ್ನುವುದಕ್ಕೆ ಹೆಚ್ಚು ಹೊತ್ತು ಬೇಡ. ಕೇಳಿಸಿಕೊಳ್ಳುವುದಕ್ಕೆ ಬೇಕು.

'ನಾನಿಲ್ಲದಿದ್ದರೆ ನಿಮಗೆಲ್ಲ ನೆಮ್ಮದಿ' ಎಂಬಂಥ ಮಾತು ಬಂದರೆ, ಇಷ್ಟದ ವಸ್ತುಗಳನ್ನು ಹಂಚತೊಡಗಿದರೆ, ನೇರವಾಗಿಯೇ ಕೇಳಬೇಕು: 'ಸಾಯಬೇಕು ಅಂತ ಅನ್ನಿಸ್ತಿದೆಯಾ ಮಗಾ?' ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಗುತ್ತದೆ ಎಂಬ ಭಯ ನಮಗೆಲ್ಲ ಇದೆ. ಅಮೆರಿಕದ ನ್ಯೂಯಾರ್ಕ್ ರಾಜ್ಯದ 2,342 ಪ್ರೌಢಶಾಲಾ ವಿದ್ಯಾರ್ಥಿಗಳಲ್ಲಿ ಇದನ್ನೇ ಪರೀಕ್ಷಿಸಿ 2005ರಲ್ಲಿ ಫಲಿತಾಂಶ ಪ್ರಕಟಿಸಿದರು. ಹಾಗೆ ಕೇಳಿದ್ದರಿಂದ ಯಾರ ಸಂಕಟವೂ ಹೆಚ್ಚಲಿಲ್ಲ. ಮೊದಲೇ ನೊಂದಿದ್ದವರಿಗೆ ಕೊಂಚ ಹಗುರವೂ ಆಯಿತು. 'ಹೌದು' ಎಂಬ ಉತ್ತರ ಬಂದರೆ ಬೈಯಬೇಡಿ, ಆಣೆ ಹಾಕಿಸಿಕೊಳ್ಳಬೇಡಿ. ಮಗುವನ್ನು ಒಂಟಿ ಬಿಡಬೇಡಿ. ಹೊಲಕ್ಕೆ ಹೊಡೆಯುವ ಔಷಧಿ, ಮನೆಯ ಮಾತ್ರೆಗಳೆಲ್ಲ ಬೀಗದೊಳಗಿರಲಿ. ಅಪಾಯದ ಗಳಿಗೆ ಅನೇಕರಲ್ಲಿ ಚಿಕ್ಕದು, ಅದು ದಾಟುವಂತೆ ನೋಡಿಕೊಂಡರೆ ಜೀವ ಉಳಿಯುತ್ತದೆ. 14416ಕ್ಕೆ ಫೋನು ಮಾಡಿ. ಇದು 2022ರ ಅಕ್ಟೋಬರ್ 10ರಂದು ಆರಂಭವಾದ 'ಟೆಲಿ ಮಾನಸ್'. ಬೆಂಗಳೂರಿನ ನಿಮ್ಹಾನ್ಸ್ ಇದರ ಕೇಂದ್ರ ಸಂಸ್ಥೆ. ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು, ಖರ್ಚಿಲ್ಲ. ಮಕ್ಕಳ ಸಹಾಯವಾಣಿ 1098. ಈ ಸಂಖ್ಯೆಗಳು ಶಾಲೆಯ ಗೋಡೆಯ ಮೇಲೂ, ಬಸ್ ಪಾಸಿನ ಹಿಂದೆಯೂ ಇರಬೇಕು.

ಊರಿನ ಕೈಯಲ್ಲೂ ಸಾಧನಗಳಿವೆ, ನಾವು ಬಳಸುತ್ತಿರುವುದು ಸಾಲದು. ಗ್ರಾಮ ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮಸಭೆ ನಡೆಯುತ್ತದೆ. ಕುಡಿಯುವ ನೀರು, ಶೌಚಾಲಯದ ಜೊತೆಗೆ 'ಬಸ್ಸಿನಲ್ಲಿ ದೊಡ್ಡ ಹುಡುಗರು ಕಾಡಿಸ್ತಾರೆ' ಎಂಬ ಮಾತಿಗೂ ಅಲ್ಲಿ ಜಾಗ ಸಿಗಬೇಕು. ಆ ಬಸ್ಸಿನ ಕಂಡಕ್ಟರು, ಬಿಸಿಯೂಟದ ಅಕ್ಕ, ಟ್ಯೂಷನ್ನಿನ ಮೇಷ್ಟ್ರು, ಹಾಸ್ಟೆಲಿನ ವಾರ್ಡನ್ನು ದಿನವೂ ನೋಡುವವರು. ಅವರನ್ನು ಶಾಲೆಯ ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸಭೆಗೆ ಕರೆದು, ನೀವು ಏನು ಕಂಡಿರಿ ಎಂದು ಕೇಳಿದರೆ ಕಡತದಲ್ಲಿಲ್ಲದ ಸಂಗತಿ ಹೊರಬರುತ್ತದೆ. ನಮ್ಮ ರಾಜ್ಯದ 'ಯುವ ಸ್ಪಂದನ' ಯೋಜನೆಯಡಿ ನಿಮ್ಹಾನ್ಸ್ ತರಬೇತಿ ಕೊಟ್ಟ ಯುವಜನರು ಜಿಲ್ಲೆಗಳಲ್ಲಿ ಓಡಾಡುತ್ತಾರೆ. ಅವರನ್ನು ಶಾಲೆಗೆ ಕರೆಸಬಹುದು. ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಗಳಲ್ಲಿ ಅರ್ಹ ಸಮಾಲೋಚಕರಿರಬೇಕೆಂದು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಹೇಳಿದೆ. ಪೋಷಕರು ಅದನ್ನು ಹಕ್ಕಿನಿಂದ ಕೇಳಬಹುದು.

ಆತ್ಮಹತ್ಯೆಯ ಪ್ರಯತ್ನವೊಂದು ನಡೆದು ಮಗು ಬದುಕುಳಿದಾಗ, ಪೊಲೀಸ್ ಕೇಸಾದೀತೆಂದು ಹಲವು ಮನೆಗಳು ವಿಷಯ ಮುಚ್ಚಿಡುತ್ತವೆ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 115ನೇ ಸೆಕ್ಷನ್ ಪ್ರಕಾರ ಅಂಥವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷಿಸುವಂತಿಲ್ಲ. ಅವರಿಗೆ ಆರೈಕೆ ಒದಗಿಸುವುದು ಸರ್ಕಾರದ ಕರ್ತವ್ಯ. ಆಸ್ಪತ್ರೆಯಿಂದ ಬಂದ ನಂತರದ ವಾರಗಳು ನಾಜೂಕು. ಮಗು ಶಾಲೆಗೆ ಮರಳುವ ಮುನ್ನ ಯಾರು ಏನು ಕೇಳಬಾರದು ಎಂದು ತರಗತಿಗೆ ಹೇಳಿರಬೇಕು. ತಪ್ಪಿದ ನೋಟ್ಸ್ ಬರೆದುಕೊಡಲು ಇಬ್ಬರು ಒಪ್ಪಿರಬೇಕು. ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿ ಉಳಿಯಬಾರದು. ಮೊದಲ ದಿನ ಗೇಟಿನ ಹತ್ತಿರ ಒಬ್ಬ ಗೆಳೆಯ ಐದು ನಿಮಿಷ ಮುಂಚೆಯೇ ಬಂದು ಕಾಯುತ್ತಿರಬೇಕು.